ಟ್ಯಾಂಕ್ ಬರಿದಾದ ಮೇಲೆ ಮುಗ್ಗರಿಸುತ್ತಿದ್ದ ಬೈಕು: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಭಾಗಮಂಡಲದಿಂದ ಮಡಿಕೇರಿಗೆ ಬರುವಾಗ, ಚೇರಂಬಾಣೆಯ ಬಳಿ ನನ್ನ ಫ್ಯೂಯೆಲ್ ಇಂಜೆಕ್ಷನ್ (ಪಂಪ್ ಒತ್ತಡದಿಂದ ಎಂಜಿನ್ನಿಗೆ ಇಂಧನ ಸಿಂಪಡಿಸುವ) ಬೈಕಿನ ಪೆಟ್ರೋಲ್ ಪೂರ್ತಿ ಮುಗಿಯಿತು. ಹಳೆಯ ಕಾರ್ಬ್ಯುರೇಟರ್ ಬೈಕಿನಂತೆ ಇದರಲ್ಲಿ ರಿಸರ್ವ್‌ಗೆ ತಿರುಗಿಸುವ ನಾಬ್ ಇಲ್ಲ. ಪೆಟ್ರೋಲ್ ಕಡಿಮೆಯಿದೆಯೆಂದು ಮಿನುಗುತ್ತಿದ್ದ ದೀಪವನ್ನು ಕಡೆಗಣಿಸಿದ್ದು ನನ್ನದೇ ತಪ್ಪು. ಬಾಟಲಿಯಲ್ಲಿ ತರಿಸಿದ ಪೆಟ್ರೋಲ್ ಸುರಿದು, ಸ್ಟಾರ್ಟರ್ ಒತ್ತದೆ ಕೀಲಿಯನ್ನು ನಾಲ್ಕೈದು ಬಾರಿ ಆನ್ ಆಫ್ ಮಾಡಿದೆ. ಪ್ರತಿ ಸಲವೂ ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ಪೈಪಿನೊಳಗೆ ಮತ್ತೆ ಒತ್ತಡ ಕಟ್ಟಿತು.

ಎಂಜಿನ್ ಶುರುವಾಯಿತಾದರೂ ಏರುದಾರಿಯಲ್ಲಿ ಥ್ರಾಟಲ್ ತಿರುಗಿಸಿದೊಡನೆ ಮುಗ್ಗರಿಸತೊಡಗಿತು, ಟ್ಯಾಂಕ್ ತುಂಬಿಸಿದ ಮೇಲೂ ಅದೇ ಪಾಡು. ಪರಿಚಯದ ಮೆಕ್ಯಾನಿಕ್ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೇ ಬದಲಿಸಬೇಕೆಂದರು. ನನಗೆ ಅಷ್ಟು ಅವಸರವಿರಲಿಲ್ಲ. ದೋಷ ತೋರಿಸುವ ಎಂಜಿನ್ ದೀಪ ಹೊತ್ತಿರಲಿಲ್ಲ, ಆದರೆ ಈ ಬೈಕಿನಲ್ಲಿ ಇಂಧನದ ಒತ್ತಡ ಅಳೆಯುವ ಸೆನ್ಸರ್ ಇಲ್ಲದ ಕಾರಣ ಆ ದೀಪವನ್ನು ನಂಬುವಂತಿರಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಂಡಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಟ್ಯಾಂಕ್ ಖಾಲಿ ಮಾಡಿ, ಪಂಪನ್ನು ಹೊರತೆಗೆದಾಗ ಅದರ ಜಾಲರಿಗೆ ಕಾಫಿ ಗಸಿಯಂಥ ಕಂದು ಕೆಸರು ಮೆತ್ತಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ನೀರಿನ ಹನಿಗಳೂ ಜಾರಿದವು. ತಳದಲ್ಲಿ ತೆಪ್ಪಗಿದ್ದ ತುಕ್ಕು ಮತ್ತು ನೀರನ್ನು ಪಂಪ್ ಕೊನೆಯ ಹನಿಗಳ ಜೊತೆ ಎಳೆದುಕೊಂಡಿತ್ತು. ಟ್ಯಾಂಕ್ ತೊಳೆದು ಒಣಗಿಸಿ, ಜಾಲರಿ, ಫಿಲ್ಟರ್ ಹಾಗೂ ರಬ್ಬರ್ ಸೀಲ್ ಹೊಸದು ಹಾಕಿದೆ. ಪೆಟ್ರೋಲಿನಲ್ಲೇ ಮುಳುಗಿ ತಂಪಾಗುವ ಪಂಪ್ ಒಣಗಿ ಓಡಿ ಸುಟ್ಟಿರಬಹುದೆಂಬ ಭಯ ಸುಳ್ಳಾಯಿತು. ಮರುದಿನ ಅದೇ ಏರನ್ನು ಬೈಕು ಒಮ್ಮೆಯೂ ತಡವರಿಸದೆ ಹತ್ತಿತು.