ಇಂಗ್ಲೆಂಡಿನಲ್ಲಿ ಶಿಕ್ಷಕ ತರಬೇತಿ: ಬರ್ಸರಿ ಯಾರಿಗೆ, ಸಾಲ ಯಾರಿಗೆ

ಬರ್ಸರಿಯ (ಶಿಕ್ಷಕ ತರಬೇತಿಗೆ ಸರ್ಕಾರ ಕೊಡುವ ಸಹಾಯಧನ) ಮೊತ್ತ ನೋಡಿ ಆಸೆಪಡುವ ಮುಂಚೆ ನಿಮ್ಮ ವೀಸಾ ಯಾವುದೆಂದು ನೋಡಿ. ಐಎಲ್‌ಆರ್ (ಯುಕೆಯಲ್ಲಿ ಅನಿರ್ದಿಷ್ಟ ಕಾಲ ನೆಲೆಸುವ ಅನುಮತಿ) ಅಥವಾ ಬ್ರಿಟಿಷ್ ಪೌರತ್ವ ಇದ್ದು, ಕೋರ್ಸ್ ಶುರುವಾಗುವ ಹಿಂದಿನ ಮೂರು ವರ್ಷ ಇಲ್ಲೇ ವಾಸವಿದ್ದವರಿಗೆ ಸಾಮಾನ್ಯವಾಗಿ ಬರ್ಸರಿಯೂ ಸಿಗುತ್ತದೆ, ಸ್ಟೂಡೆಂಟ್ ಫೈನಾನ್ಸ್ ಎಂಬ ಸರ್ಕಾರಿ ವಿದ್ಯಾರ್ಥಿ ಸಾಲವೂ ಸಿಗುತ್ತದೆ. ಗಂಡನ ಅಥವಾ ಹೆಂಡತಿಯ ಕೆಲಸದ ವೀಸಾದಲ್ಲಿ ಡಿಪೆಂಡೆಂಟ್ ಆಗಿ ಬಂದವರು ಓದಬಹುದು, ಆದರೆ ಸಾಲ ಸಿಗದು. 2025-26ರಲ್ಲಿ ಭೌತಶಾಸ್ತ್ರ ಮತ್ತು ಭಾಷಾ ವಿಷಯಗಳ ಬರ್ಸರಿ ಮಾತ್ರ ಹೊರದೇಶದವರಿಗೂ ತೆರೆದಿತ್ತು. ಇದು ಪ್ರತಿ ವರ್ಷ ಬದಲಾಗುವ ನಿಯಮ, ನಂಬಿ ಕೂರಬೇಡಿ. ಸೆಪ್ಟೆಂಬರಿನಲ್ಲಿ ಕೋರ್ಸ್, ನವೆಂಬರಿನಲ್ಲಿ ಐಎಲ್‌ಆರ್ ಎನ್ನುವಂತಿದ್ದರೆ ಒಂದು ವರ್ಷ ಕಾಯುವುದೇ ಲೇಸು.

2025-26ರ ಸಾಲಿನಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟಿಂಗ್‌ಗೆ 29,000 ಪೌಂಡ್ ಬರ್ಸರಿ ಇತ್ತು; ಇಂಗ್ಲಿಷ್‌ಗೆ ಬರೀ 5,000. ಪ್ರಾಥಮಿಕ ಶಾಲೆ, ಇತಿಹಾಸಕ್ಕೆ ಏನೂ ಇಲ್ಲ. ಲೆಕ್ಕಕ್ಕೆ ಬರುವುದು ನೀವು ಸೇರುವ ಕೋರ್ಸಿನ ವಿಷಯವೇ ಹೊರತು ನಿಮ್ಮ ಪದವಿಯ ವಿಷಯವಲ್ಲ. ಬಿ.ಇ. ಓದಿದವರು ಗಣಿತ ಅಥವಾ ಭೌತಶಾಸ್ತ್ರಕ್ಕೆ ಸೇರಬಹುದು.

ಬರ್ಸರಿಗೆ ಬೇರೆ ಅರ್ಜಿ ಬೇಡ. ಅದನ್ನು ಹಿಂದಿರುಗಿಸಬೇಕಿಲ್ಲ, ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಸ್ಕಾಲರ್‌ಶಿಪ್ ಇದಕ್ಕಿಂತ ತುಸು ಹೆಚ್ಚು, ಆದರೆ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನಂಥ ವೃತ್ತಿ ಸಂಸ್ಥೆಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಸಂಬಳ ಕೊಡುವ ತರಬೇತಿಗೆ ಸೇರಿದರೆ ಬರ್ಸರಿಯೇ ಇಲ್ಲ.

ಎಡವುವುದು ಹೆಚ್ಚಾಗಿ ಅಂಕಪಟ್ಟಿಯಲ್ಲಿ. ಬರ್ಸರಿಗೆ ಕನಿಷ್ಠ 2:2 ದರ್ಜೆಯ (ಬ್ರಿಟಿಷ್ ಲೆಕ್ಕದ ಎರಡನೇ ದರ್ಜೆಯ ಕೆಳ ವಿಭಾಗ) ಪದವಿ, ಇಲ್ಲವೇ ಮಾಸ್ಟರ್ಸ್ ಅಥವಾ ಪಿಎಚ್.ಡಿ. ಬೇಕು. ಊರಿನ ಪದವಿಗೆ, ವಿದೇಶಿ ಪದವಿಗಳನ್ನು ಬ್ರಿಟಿಷ್ ಪದವಿಗೆ ಹೋಲಿಸುವ ಸಂಸ್ಥೆ ಯುಕೆ ಎನಿಕ್‌ನ ಹೋಲಿಕೆ ಪತ್ರ ತರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಜೊತೆಗಿಡಿ. ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್‌ಇ (ಇಲ್ಲಿ 16ನೇ ವಯಸ್ಸಿನ ಶಾಲಾ ಪರೀಕ್ಷೆ) 4ನೇ ಗ್ರೇಡಿಗೆ ಸಮ ಎಂದು ತೋರಿಸಬೇಕಾಗುತ್ತದೆ, ಪ್ರಾಥಮಿಕಕ್ಕೆ ವಿಜ್ಞಾನವೂ ಸೇರಿ. ಕೆಲವು ಕಡೆ ಅದನ್ನೊಪ್ಪದೆ ಸಮಾನತೆಯ ಪರೀಕ್ಷೆ ಬರೆಸುತ್ತಾರೆ. ಅರ್ಜಿಗೂ ಮೊದಲೇ ಕೇಳಿಬಿಡಿ.

2025-26ರಲ್ಲಿ ಬೋಧನಾ ಶುಲ್ಕದ ಸಾಲ 9,535 ಪೌಂಡ್‌ವರೆಗೆ ಇತ್ತು. ಜೀವನ ವೆಚ್ಚಕ್ಕೆ ಬೇರೆ ಸಾಲ. ಮೊದಲೇ ಪದವಿ ಇದ್ದರೂ ಪಿಜಿಸಿಇಗೆ (ಪದವಿಯ ನಂತರದ ಶಿಕ್ಷಕ ತರಬೇತಿ ಕೋರ್ಸ್) ಸಾಲ ಪಡೆಯಲು ಅದು ಅಡ್ಡಿಯಲ್ಲ. ವರ್ಷದ ಸಂಬಳ 25,000 ಪೌಂಡ್ ದಾಟಿದ ಮೇಲೆ, ದಾಟಿದ ಭಾಗದ ಶೇ. 9ರಂತೆ ಸಾಲ ತೀರುತ್ತದೆ. ಮಕ್ಕಳಿದ್ದವರು ಚೈಲ್ಡ್‌ಕೇರ್ ಗ್ರಾಂಟ್ ಕೂಡ ಕೇಳಬಹುದು, ಮನೆಯ ಆದಾಯ ನೋಡಿ ಕೊಡುತ್ತಾರೆ.

ಬರ್ಸರಿ ತಿಂಗಳು ತಿಂಗಳು ಬರುತ್ತದೆ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜುಲೈವರೆಗೆ ಹತ್ತು ಕಂತು. ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದರೆ ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೆ. ಆರಂಭದ ಸೆಪ್ಟೆಂಬರ್ ಮತ್ತು ಕೊನೆಯ ಆಗಸ್ಟ್‌ನ ಬಾಡಿಗೆಗೆ ದುಡ್ಡು ತೆಗೆದಿಡಿ. ನಡುವೆ ಕೋರ್ಸ್ ಬಿಟ್ಟರೆ ಕಂತು ನಿಲ್ಲುತ್ತದೆ.

ಊರಲ್ಲೇ ಬಿ.ಎಡ್. ಮುಗಿಸಿ ಕನಿಷ್ಠ ಒಂದು ಶಾಲಾ ವರ್ಷ ಪಾಠ ಮಾಡಿದವರು, ಇಷ್ಟೆಲ್ಲ ಮಾಡುವ ಮೊದಲು ಇನ್ನೊಂದು ದಾರಿ ನೋಡಿ. 2023ರಿಂದ ಭಾರತದ ಶಿಕ್ಷಕರು ನೇರವಾಗಿ ಕ್ಯೂಟಿಎಸ್‌ಗೆ (ಇಂಗ್ಲೆಂಡಿನ ಅಧಿಕೃತ ಶಿಕ್ಷಕ ಮಾನ್ಯತೆ) ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಆದರೆ 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು.