ಇ-ಬುಕ್ ರೀಡರ್: ಪುಸ್ತಕ ಸಾಲಾಗಿ ನಿಲ್ಲಲಿ, ಪರಿವಿಡಿ ಕೆಲಸ ಮಾಡಲಿ

ರೀಡರ್‌ನಲ್ಲಿ ನೂರಿನ್ನೂರು ಪುಸ್ತಕ ಸೇರಿದ ಮೇಲೆ ಬೇಕಾದದ್ದು ಕೈಗೆ ಸಿಗುವುದಿಲ್ಲ. ಸಿಕ್ಕರೂ ಪರಿವಿಡಿ ಖಾಲಿ. ಆಗ ಹೆಚ್ಚಿನವರು ಫೈಲ್‌ನ ಹೆಸರು ಬದಲಿಸುತ್ತಾರೆ, ಏನೂ ಸರಿಹೋಗುವುದಿಲ್ಲ. ಪಟ್ಟಿಯಲ್ಲಿ ಕಾಣುವ ಶೀರ್ಷಿಕೆ, ಲೇಖಕರ ಹೆಸರು ಬರುವುದು ಇಪಬ್ (ಇ-ಬುಕ್‌ನ ಫೈಲ್ ರೂಪ) ಒಳಗಿನ ಮೆಟಾಡೇಟಾದಿಂದ, ಅಂದರೆ ಪುಸ್ತಕದ ವಿವರಗಳಿಂದ. ತಿದ್ದಬೇಕಾದದ್ದೂ ಅಲ್ಲೇ.

ಹಂತ 1: ಇ-ಬುಕ್‌ಗಳನ್ನು ಜೋಡಿಸಿಡುವ, ಉಚಿತವಾಗಿ ಸಿಗುವ ಕ್ಯಾಲಿಬರ್ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಂಡು, ಪುಸ್ತಕಗಳನ್ನು ಅದರೊಳಗೆ ಎಳೆದು ಬಿಡಿ. ಆಮೇಲೆ ಅದರ ಫೋಲ್ಡರ್‌ಗೆ ಹೋಗಿ ಕೈಯಾರೆ ಏನನ್ನೂ ಸರಿಸಬೇಡಿ, ಡೇಟಾಬೇಸ್‌ನ ಕೊಂಡಿ ತಪ್ಪುತ್ತದೆ.

ಹಂತ 2: 'ಎಡಿಟ್ ಮೆಟಾಡೇಟಾ'ದಲ್ಲಿ ಶೀರ್ಷಿಕೆ, ಲೇಖಕ, ಸರಣಿ, ಸರಣಿ ಸಂಖ್ಯೆ ತುಂಬಿ. ಎರಡು ಸಂಪುಟಗಳ ನಡುವೆ ಬರುವ ಕಥೆಗೆ 1.5 ಎಂದು ಕೊಡಬಹುದು. ಕ್ಯಾಲಿಬರ್ ಲೇಖಕರ ಹೆಸರಿನ ಕೊನೆಯ ಪದವನ್ನು ಮುಂದೆ ತಂದು ಅಕಾರಾದಿಯಲ್ಲಿ ಜೋಡಿಸುತ್ತದೆ. ಉಪನಾಮವಿಲ್ಲದ ಹೆಸರುಗಳಿಗೆ ಇದು ಒಗ್ಗುವುದಿಲ್ಲ. ಕ್ಯಾಲಿಬರ್‌ನ ಸೆಟ್ಟಿಂಗ್‌ಗಳಲ್ಲಿರುವ 'ಟ್ವೀಕ್ಸ್'ನಲ್ಲಿ ಆ ನಿಯಮವನ್ನು 'ಕಾಪಿ' ಎಂದು ಬದಲಿಸಿ. ಅಂತರ್ಜಾಲದಿಂದ ಮೆಟಾಡೇಟಾ ಇಳಿಸುವಾಗ ಟ್ಯಾಗ್‌ಗಳನ್ನು (ಪುಸ್ತಕದ ವಿಷಯ ಹೇಳುವ ಚೀಟಿಗಳು) ತರಿಸಿಕೊಳ್ಳಲೇಬೇಡಿ. ಒಂದೊಂದು ಪುಸ್ತಕಕ್ಕೂ ಹತ್ತಾರು ಅಂಟಿಕೊಂಡು ಪಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ನೀವೇ ಕೊಟ್ಟ ಎಂಟು ಹತ್ತು ಟ್ಯಾಗ್ ಧಾರಾಳ ಸಾಕು.

ಹಂತ 3: ಪರಿವಿಡಿ. ಬಹಳ ಜನ ಎಡವುವುದು ಇಲ್ಲಿ. ಪುಸ್ತಕದ ಆರಂಭದಲ್ಲಿ ಅಚ್ಚಾಗಿರುವ ಪರಿವಿಡಿ ಪುಟ ಬೇರೆ, ರೀಡರ್‌ನ ಮೆನುವಿನಲ್ಲಿ ತೆರೆದುಕೊಳ್ಳುವ ಪರಿವಿಡಿ ಬೇರೆ. ಮೊದಲನೆಯದನ್ನು ಎಷ್ಟು ಚೆಂದ ಮಾಡಿದರೂ ಎರಡನೆಯದು ತಾನಾಗಿ ಹುಟ್ಟುವುದಿಲ್ಲ.

ಪುಸ್ತಕವನ್ನು ಒಂದು ಫೈಲ್ ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಹೊತ್ತಿಗೆ ಕ್ಯಾಲಿಬರ್ ಅಧ್ಯಾಯಗಳನ್ನು ಹುಡುಕುವುದು 'ಚಾಪ್ಟರ್', 'ಪಾರ್ಟ್', 'ಪ್ರೊಲಾಗ್' ಮುಂತಾದ ಇಂಗ್ಲಿಷ್ ಪದಗಳ ಆಧಾರದಲ್ಲಿ. 'ಅಧ್ಯಾಯ ಒಂದು' ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಕನ್ನಡ ಪುಸ್ತಕಕ್ಕೆ ಪರಿವಿಡಿಯನ್ನು ಎಡಿಟರ್‌ನಲ್ಲೇ ಕಟ್ಟುವುದು ಒಳ್ಳೆಯದು. ಪುಸ್ತಕದ ಒಂದು ನಕಲನ್ನು ಬೇರೆಡೆ ಉಳಿಸಿಕೊಂಡು 'ಎಡಿಟ್ ಬುಕ್' ತೆರೆಯಿರಿ. (ಡಿಆರ್‌ಎಂ ಎಂಬ, ನಕಲು ತಡೆಯುವ ಬೀಗವಿರುವ ಪುಸ್ತಕ ತೆರೆಯುವುದಿಲ್ಲ.) ಮುನ್ನೋಟದಲ್ಲಿ ಒಂದು ಅಧ್ಯಾಯದ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದರೆ ಅದರ ಕೋಡ್ ಕಾಣುತ್ತದೆ. ಅಲ್ಲಿ ಎಚ್1 ಅಥವಾ ಎಚ್2 ಟ್ಯಾಗ್ (ಇದು ಶೀರ್ಷಿಕೆ ಎಂದು ತಿಳಿಸುವ ಕೋಡ್ ಗುರುತು, ಹಂತ 2ರ ಟ್ಯಾಗ್ ಅಲ್ಲ) ಇದ್ದರೆ ಅದೃಷ್ಟ. ಕೆಟ್ಟದಾಗಿ ತಯಾರಾದ ಪುಸ್ತಕಗಳಲ್ಲಿ ಬರೀ ದಪ್ಪಕ್ಷರದ ಪ್ಯಾರಾ ಇರುತ್ತದೆ. ಆ ಪ್ಯಾರಾಕ್ಕೆ ತನ್ನದೇ ಕ್ಲಾಸ್ ಹೆಸರಿದ್ದರೆ (ಅದರ ಶೈಲಿಗೆ ಕೋಡ್‌ನಲ್ಲಿ ಕೊಟ್ಟ ಹೆಸರು) 'ಸರ್ಚ್'ನಲ್ಲಿ ರೆಜೆಕ್ಸ್ (ಸೂತ್ರ ಕೊಟ್ಟು ಹುಡುಕುವ ವಿಧಾನ) ಆರಿಸಿ, ತೆರೆಯುವ ಟ್ಯಾಗ್, ಶೀರ್ಷಿಕೆ, ಮುಚ್ಚುವ ಟ್ಯಾಗ್ ಮೂರನ್ನೂ ಒಟ್ಟಿಗೇ ಹಿಡಿದು ಎಚ್2 ಮಾಡಿ. ಮುಚ್ಚುವ ಟ್ಯಾಗನ್ನು ಪ್ರತ್ಯೇಕವಾಗಿ ಬದಲಿಸಿದಿರೋ, ಪುಸ್ತಕದ ಪ್ರತಿ ಪ್ಯಾರಾವೂ ಕೆಡುತ್ತದೆ. ಬದಲಿಸುವ ಮೊದಲು 'ಕೌಂಟ್ ಆಲ್' ಒತ್ತಿ. ಸಂಖ್ಯೆ ಅಧ್ಯಾಯಗಳ ಲೆಕ್ಕಕ್ಕೆ ತಾಳೆಯಾಗದಿದ್ದರೆ ಹುಡುಕಾಟದ ಸೂತ್ರವೇ ತಪ್ಪಿದೆ.

ಇನ್ನು 'ಟೂಲ್ಸ್'ನಲ್ಲಿ ಪರಿವಿಡಿ ತಿದ್ದುವ ಕಿಟಕಿ ತೆರೆದು 'ಮೇಜರ್ ಹೆಡಿಂಗ್ಸ್'ನಿಂದ ರಚಿಸಿ. 'ಆಲ್ ಹೆಡಿಂಗ್ಸ್' ಬೇಡ, ಉಪಶೀರ್ಷಿಕೆಗಳೆಲ್ಲ ಬಂದು ತುಂಬಿಕೊಳ್ಳುತ್ತವೆ. ಭಾಗಕ್ಕೆ ಎಚ್1, ಅಧ್ಯಾಯಕ್ಕೆ ಎಚ್2 ಇದ್ದರೆ ಒಂದರೊಳಗೊಂದು ಸರಿಯಾಗಿ ಕೂರುತ್ತದೆ. ಅಧ್ಯಾಯದ ಸಂಖ್ಯೆ ಒಂದು ಟ್ಯಾಗ್‌ನಲ್ಲಿ, ಹೆಸರು ಇನ್ನೊಂದರಲ್ಲಿ ಇದ್ದರೆ ಪ್ರತಿ ಅಧ್ಯಾಯವೂ ಎರಡು ಸಲ ಬರುತ್ತದೆ. ಎರಡನ್ನೂ ಒಂದೇ ಟ್ಯಾಗ್‌ಗೆ ಸೇರಿಸಿ.

ಇಡೀ ಪುಸ್ತಕ ಒಂದೇ ಫೈಲ್‌ನಲ್ಲಿದ್ದರೆ ಅಧ್ಯಾಯಕ್ಕೊಂದರಂತೆ ಒಡೆಯಿರಿ. ದೊಡ್ಡ ಫೈಲ್ ರೀಡರ್‌ನಲ್ಲಿ ನಿಧಾನ. ಅಧ್ಯಾಯದಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕವೂ ಕೆಲವು ಸಾಧನಗಳಲ್ಲಿ ತಪ್ಪುತ್ತದೆ. ಪಿಡಿಎಫ್ ಅನ್ನು ಇಪಬ್ ಮಾಡಿಕೊಡುವ ಉಚಿತ ಜಾಲತಾಣಗಳ ಕಡೆ ತಲೆ ಹಾಕಬೇಡಿ. ಅಲ್ಲಿಂದ ಬಂದ ಪುಸ್ತಕಗಳಲ್ಲಿ ಪ್ರತಿ ಸಾಲೂ ಒಂದು ಪ್ಯಾರಾ ಆಗಿರುವುದು ಸಾಮಾನ್ಯ, ಅದನ್ನು ಬಿಡಿಸಲು ದಿನಗಟ್ಟಲೆ ಬೇಕು.

ಹಂತ 4: ರೀಡರ್‌ಗೆ ಕಳಿಸಿ. ಕೋಬೋ ರೀಡರ್‌ನಲ್ಲಿ ಕ್ಯಾಲಿಬರ್‌ನ ಟ್ಯಾಗ್‌ಗಳಿಂದಲೇ ಕಲೆಕ್ಷನ್ (ಪುಸ್ತಕಗಳ ಗುಂಪು) ಮಾಡಿಸಬಹುದು. ಹೊಸ ಕಿಂಡಲ್‌ಗಳಲ್ಲಿ ಆ ಸೌಲಭ್ಯ ಇಲ್ಲ, ಕಲೆಕ್ಷನ್ ಅನ್ನು ಸಾಧನದಲ್ಲೇ ಮಾಡಿಕೊಳ್ಳಬೇಕು. ಹೊರಗಿನಿಂದ ಹಾಕಿದ ಪುಸ್ತಕದ ಸರಣಿಯನ್ನೂ ಗುರುತಿಸಿ ಕ್ರಮವಾಗಿ ತೋರಿಸುವುದು ಪ್ರತಿ ರೀಡರ್‌ನಲ್ಲೂ ಇರಲೇಬೇಕಾದ ಗುಣ. ಅದು ಬರುವ ತನಕ ಶೀರ್ಷಿಕೆಯ ಮುಂದೆ ಸರಣಿಯ ಹೆಸರು ಮತ್ತು 01, 02 ಎಂದು ಎರಡಂಕಿಯ ಸಂಖ್ಯೆ ಸೇರಿಸಿ. ಬರೀ 1, 2 ಹಾಕಿದರೆ 10ನೆಯ ಸಂಪುಟ 2ಕ್ಕಿಂತ ಮೊದಲು ಬಂದೀತು.

ತಿದ್ದಿದ ಪ್ರತಿ ಹಾಕುವ ಮೊದಲು ರೀಡರ್‌ನಲ್ಲಿರುವ ಹಳೆಯದನ್ನು ಅಳಿಸಿ. ಅದರ ಜೊತೆ ಓದಿ ನಿಲ್ಲಿಸಿದ ಜಾಗ, ಗುರುತು ಹಾಕಿದ ಸಾಲುಗಳು ಹೋಗಬಹುದು. ಆದ್ದರಿಂದ ಈ ಕೆಲಸವನ್ನೆಲ್ಲ ಮೊದಲ ಪುಟ ಓದುವುದಕ್ಕೆ ಮುಂಚೆಯೇ ಮುಗಿಸಿ.