ಸಸಿಗೆ ದೀಪ, ಬೆಳೆಗೆ ಬಿಸಿಲು: ಟೆರೇಸ್ ಮೇಲಿನ ನನ್ನ ಸೊಪ್ಪಿನ ಲೆಕ್ಕ

ಬೆಂಗಳೂರಿನಲ್ಲಿ ವರ್ಟಿಕಲ್ ಫಾರ್ಮಿಂಗ್, ಅಂದರೆ ಒಂದರ ಮೇಲೊಂದು ಅಂತಸ್ತಿನಲ್ಲಿ ಗಿಡ ಬೆಳೆಯುವ ಕೆಲಸ, ಮಾಡುತ್ತೇನೆ ಅಂದರೆ ಜನ ಮೊದಲು ಜಾಗದ ಬಗ್ಗೆ ಕೇಳುತ್ತಾರೆ. ಎಷ್ಟು ಅಡಿ ಬೇಕು, ಎಷ್ಟು ಅಂತಸ್ತು ಹಾಕಬಹುದು ಅಂತ. ನಾನು ಕರೆಂಟ್ ಬಿಲ್‌ನಿಂದ ಮಾತು ಶುರು ಮಾಡುತ್ತೇನೆ.

ರೂಮಿನೊಳಗೆ ಒಂದು ಚದರ ಮೀಟರ್ ಲೆಟ್ಯೂಸ್ (ಸಲಾಡ್ ಸೊಪ್ಪು) ಬೆಳೆಯಲು ಸುಮಾರು 100 ವ್ಯಾಟ್ ಎಲ್‌ಇಡಿ ಬೇಕು, ದಿನಕ್ಕೆ 16 ಗಂಟೆ. ತಿಂಗಳಿಗೆ 48 ಯೂನಿಟ್ ಆಯಿತು. ಅಷ್ಟು ಜಾಗದಲ್ಲಿ 25 ಗಿಡ, ಒಂದೊಂದು 150 ಗ್ರಾಂ ತೂಗಿದರೆ 3.75 ಕೆ.ಜಿ. ಸಿಗುತ್ತದೆ. ಅಂದರೆ ಕೆ.ಜಿ.ಗೆ 13 ಯೂನಿಟ್ ಬರೀ ದೀಪಕ್ಕೇ ಹೋಯಿತು. ಎಸಿ, ಫ್ಯಾನ್, ಪಂಪ್ ಸೇರಿದರೆ 16ರ ಹತ್ತಿರ. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೂ ಕರೆಂಟಿಗೇ 125 ರೂಪಾಯಿ ದಾಟುತ್ತದೆ. ಬೀಜ, ಗೊಬ್ಬರ, ಕೂಲಿ, ಬಾಡಿಗೆ, ರ‍್ಯಾಕಿಗೆ ಹಾಕಿದ ಬಂಡವಾಳ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ಬೆಲೆಗೆ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಯಾರಿಗೆ ಮಾರುವುದು? ಮಾಲೂರು, ಹೊಸಕೋಟೆ, ಆನೇಕಲ್ ಕಡೆಯಿಂದ ಬೆಳಗಿನ ಜಾವಕ್ಕೇ ಕೆ.ಆರ್. ಮಾರ್ಕೆಟ್‌ಗೆ ಸೊಪ್ಪು ಬಂದಿರುತ್ತದೆ. ಆ ರೈತರಿಗೆ ಬೆಳಕು ಪುಕ್ಕಟೆ. ಸಿಂಗಪುರದ ಕಥೆ ಬೇರೆ. ಅಲ್ಲಿ ಹೊಲವೇ ಇಲ್ಲದಷ್ಟು ಕಡಿಮೆ, ತಿನ್ನುವುದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅವರು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಸೊಪ್ಪು ಬೆಳೆಯುವುದಕ್ಕೆ ಅರ್ಥ ಇದೆ. ಅಮೆರಿಕದಲ್ಲಿ ರಾಶಿ ದುಡ್ಡು ಸುರಿದು ಕಟ್ಟಿದ ವರ್ಟಿಕಲ್ ಫಾರ್ಮಿಂಗ್ ಕಂಪನಿ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಂಥದ್ದೇ ಇನ್ನೊಂದು ಕಂಪನಿ ಬೋವರಿ 2024ರಲ್ಲಿ ಬಾಗಿಲು ಹಾಕಿತು. ಅವರ ಹತ್ತಿರ ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ. ಅಗ್ಗದ ಸೊಪ್ಪನ್ನು ಅಷ್ಟು ದುಬಾರಿ ಕಟ್ಟಡದಲ್ಲಿ ಬೆಳೆದು ಹಾಕಿದ ಖರ್ಚು ವಾಪಸ್ ಹುಟ್ಟಿಸುವುದೇ ಕಷ್ಟ.

ಹಾಗಾದರೆ ನಾನು ಯಾಕೆ ಮಾಡುತ್ತಿದ್ದೇನೆ? ಸಸಿ ಚಿಕ್ಕದಿದ್ದಾಗ ಲೆಕ್ಕ ಪೂರ್ತಿ ತಿರುಗುತ್ತದೆ, ಅದಕ್ಕೆ. ಅದೇ ಒಂದು ಚದರ ಮೀಟರಿನಲ್ಲಿ ಎರಡು ಇಂಚಿಗೊಂದರಂತೆ 400 ಸಸಿ ಕೂರುತ್ತವೆ. 12 ದಿನ ದೀಪ ಉರಿಸಿದರೆ 19 ಯೂನಿಟ್ ಚಿಲ್ಲರೆ. ಒಂದು ಸಸಿಗೆ 40 ಪೈಸೆಯೂ ಬೀಳುವುದಿಲ್ಲ. ಆಮೇಲೆ ಗಿಡ ಅಗಲವಾಗುತ್ತಾ ಹೋದಂತೆ ಜಾಗವೂ ಬೆಳಕೂ ಜಾಸ್ತಿ ಬೇಕು. ಆ ಹೊತ್ತಿಗೆ ಅದನ್ನು ಟೆರೇಸಿಗೆ ಹತ್ತಿಸಿಬಿಡುತ್ತೇನೆ. ಕೆಳಗಿನ ರೂಮಿನ ರ‍್ಯಾಕುಗಳು ಸಸಿಗೆ ಮತ್ತು ಮೈಕ್ರೋಗ್ರೀನ್ಸ್‌ಗೆ (ಎಳೆಯದಿದ್ದಾಗಲೇ ಕತ್ತರಿಸಿ ತಿನ್ನುವ ಮೊಳಕೆ ಸೊಪ್ಪು) ಮಾತ್ರ. ಸಾಸಿವೆ, ಮೂಲಂಗಿ ಮೊಳಕೆಗೆ ಮೊದಲ ಕೆಲವು ದಿನ ಕತ್ತಲೆಯೇ ಬೇಕು, ದೀಪ ಕಾಣುವುದು ಕೊನೆಯಲ್ಲಿ ಅಷ್ಟೇ. ಮಾರುವುದು ಗ್ರಾಂ ಲೆಕ್ಕದಲ್ಲಿ.

ಟೆರೇಸಿನಲ್ಲಿ ಏಣಿಯಂತೆ ಎರಡು ಕಡೆ ಇಳಿಜಾರು ಇರುವ ಸ್ಟ್ಯಾಂಡ್, ಅದಕ್ಕೆ ಅಡ್ಡ ಪೈಪು. ಗಿಡ ಮಣ್ಣಿಲ್ಲದೆ, ಆ ಪೈಪಿನಲ್ಲಿ ಹರಿಯುವ ಗೊಬ್ಬರ ಬೆರೆಸಿದ ನೀರಿನಲ್ಲೇ ಬೆಳೆಯುತ್ತದೆ. ಉತ್ತರ ದಕ್ಷಿಣಕ್ಕೆ ಉದ್ದವಾಗಿ ನಿಲ್ಲಿಸಿದರೆ ಬೆಳಗಿನ ಬಿಸಿಲು ಒಂದು ಮೈಗೆ, ಸಂಜೆಯದು ಇನ್ನೊಂದಕ್ಕೆ. ನಾಲ್ಕು ಸಾಲಿಗಿಂತ ಜಾಸ್ತಿ ಹಾಕುವುದಿಲ್ಲ. ಹಾಕಿದರೆ ಕೆಳಗಿನ ಗಿಡ ನೆರಳಿಗೆ ಸೊರಗುತ್ತದೆ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಹಾಗಾಗಿ ಎಂಜಿನಿಯರನ್ನು ಕರೆಸಿ, ಟ್ಯಾಂಕನ್ನು ಪಿಲ್ಲರ್ ಮೇಲೆ ಬರುವಂತೆ ಇಟ್ಟೆ.

ನೀರಿನ ವಿಷಯದಲ್ಲಿ ನನಗೆ ಈ ಪದ್ಧತಿ ಮೇಲೆ ನಿಜವಾದ ಪ್ರೀತಿ. ಅದೇ ನೀರು ಪೈಪಿನಲ್ಲಿ ಸುತ್ತುತ್ತಿರುತ್ತದೆ. ಗಿಡ ಕುಡಿದದ್ದು, ಆರಿದ್ದು ಎಷ್ಟೋ ಅಷ್ಟನ್ನು ತುಂಬಿಸಿದರೆ ಆಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರೆಲ್ಲ ಟ್ಯಾಂಕರಿಗೆ ಕಾಯುವಾಗ ಇದರ ಬೆಲೆ ಗೊತ್ತಾಯಿತು. ನಾನು ಮಳೆನೀರು ಹಿಡಿದಿಟ್ಟು ಬಳಸುತ್ತೇನೆ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಮೊದಲೇ ಜಾಸ್ತಿ ಇದ್ದರೆ ಗೊಬ್ಬರ ಬೆರೆಸಲು ಜಾಗವೇ ಉಳಿಯುವುದಿಲ್ಲ. ಇಸಿ (ನೀರಿನಲ್ಲಿ ಕರಗಿದ ಉಪ್ಪು, ಗೊಬ್ಬರದ ಅಳತೆ) 1.2ರಿಂದ 1.6, ಪಿಎಚ್ (ಹುಳಿಯ ಅಳತೆ) 6ರ ಆಸುಪಾಸು, ಲೆಟ್ಯೂಸ್‌ಗೆ ಇಷ್ಟು ಸಾಕು. ಇನ್ನೊಂದು, ಕೊಳಚೆ ನೀರಿನ ಭಯ ಇಲ್ಲ. ನಗರದ ಅಂಚಿನಲ್ಲಿ ಅಂಥ ನೀರು ಕುಡಿದು ಬೆಳೆದ ಸೊಪ್ಪಿನ ಬಗ್ಗೆ ತಾಯಂದಿರು ಆತಂಕದಿಂದ ಕೇಳುವಾಗ, ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಬಲ್ಲೆ.

ಕಷ್ಟ ಇರುವುದು ಏಪ್ರಿಲ್‌ನಲ್ಲಿ. ನೀರು ಬಿಸಿಯಾದರೆ ಬೇರು ಕೊಳೆಯುತ್ತದೆ, ಲೆಟ್ಯೂಸ್ ಬೇಗ ಹೂಕಾಂಡ ಎತ್ತಿ ಕಹಿಯಾಗುತ್ತದೆ. ನೆರಳು ಪರದೆ ಕಟ್ಟುತ್ತೇನೆ, ಟ್ಯಾಂಕಿಗೆ ಒದ್ದೆ ಗೋಣಿ ಸುತ್ತುತ್ತೇನೆ, ಲೆಟ್ಯೂಸ್ ಕಡಿಮೆ ಮಾಡಿ ತುಳಸಿ ಜಾತಿಯ ಬೇಸಿಲ್ ಜಾಸ್ತಿ ಹಾಕುತ್ತೇನೆ. ಪೈಪಿನಲ್ಲಿ ಮಣ್ಣಿಲ್ಲ ಅಲ್ವಾ, ಪಂಪ್ ನಿಂತರೆ ಬಿಸಿಲಲ್ಲಿ ಕೆಲವೇ ಗಂಟೆಗೆ ಗಿಡ ಬಾಡುತ್ತದೆ. ಪಂಪಿಗೆ ಬ್ಯಾಟರಿ ಬೇಕೇ ಬೇಕು.

ಗಿರಾಕಿಗಳು ಹೆಚ್ಚಿನವರು ಹತ್ತಿರದ ಅಪಾರ್ಟ್‌ಮೆಂಟಿನವರು. ಹೋಟೆಲುಗಳು ಜಾಸ್ತಿ ಕೊಳ್ಳುತ್ತವೆ, ಆದರೆ ಕೆಲವು ಕಡೆ ದುಡ್ಡು ಬರುವುದು ತಿಂಗಳುಗಟ್ಟಲೆ ತಡ. ಬೇರು ಸಮೇತ ಕೊಡುವುದರಿಂದ ಮನೆಯಲ್ಲಿ ಬೇಗ ಬಾಡುವುದಿಲ್ಲ, ಅದಕ್ಕೇ ಜನ ಸಂತೋಷವಾಗಿ ಎರಡು ಕಾಸು ಹೆಚ್ಚು ಕೊಡುತ್ತಾರೆ. ನಗರದ ಹೊಟ್ಟೆ ತುಂಬಿಸುತ್ತೇನೆ ಅಂತ ಯಾರಿಗೂ ಹೇಳಿಲ್ಲ. ನೂರು ಗ್ರಾಂ ರಾಗಿಯಲ್ಲಿ 320 ಕ್ಯಾಲೊರಿ ಇದ್ದರೆ ಲೆಟ್ಯೂಸ್‌ನಲ್ಲಿ 15. ರಾಗಿ ಹೊಲದಲ್ಲೇ ಬೆಳೆಯಬೇಕು.

ಈಗ ಸಸಿ ಮಾರುವುದನ್ನೇ ದೊಡ್ಡದು ಮಾಡುತ್ತಿದ್ದೇನೆ. ನಮ್ಮ ಬೀದಿಯಲ್ಲೇ ಎಷ್ಟೊಂದು ಟೆರೇಸ್‌ಗಳು ಸುಮ್ನೆ ಬಿಸಿಲು ಕಾಯುತ್ತಿವೆ. ಒಂದು ರೂಮಿನ ದೀಪದಲ್ಲಿ ಎದ್ದ ಸಸಿ ಅಂಥ ಹತ್ತಾರು ಟೆರೇಸಿಗೆ ಸಾಲುತ್ತದೆ. ಸಸಿಗೆ 6 ರೂಪಾಯಿ ಇಟ್ಟಿದ್ದೇನೆ. ಟ್ರೇ ವಾಪಸ್ ಕೊಟ್ಟವರಿಗೆ 5.